ಯಂತ್ರಕ್ರೀಡೆಯಲ್ಲಿ ಕರ್ತೃ-ಕರ್ಮ ವಿಚಾರ

ನಲವತ್ತು ವರ್ಷಗಳ ಹಿಂದಿನ ವಿಡಿಯೋ ಆಟಗಳನ್ನು ಹೊಸ ಯಂತ್ರಗಳಿಗೆ ಹೊಂದಿಸಿ ಈಗ ಮರಳಿ ಮಾರುತ್ತಿದ್ದಾರೆ. ತಂದೆ ಆಡಿದುದನ್ನೇ ಮಗಳೂ ಆಡುವ ಯೋಗ ಒದಗಿದೆ. ಈ ಆಟಗಳು ಸ್ತ್ರೀಯನ್ನು ಕೀಳುಗೈದಿವೆಯೆಂದು ಒಂದು ಪಕ್ಷ. ಆಟವನ್ನು ಆಟವೆಂದೇ ಕಾಣತಕ್ಕದ್ದೆಂದು ಇನ್ನೊಂದು ಪಕ್ಷ. ದೋಷವೆಲ್ಲಿದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು.

1981ರಲ್ಲಿ ಜಪಾನಿನ ನಿಂಟೆಂಡೋ ಸಂಸ್ಥೆಯವರು ಹೊರತಂದ ‘ಡಾಂಕಿ ಕಾಂಗ್’ ಎಂಬ ಆಟದಲ್ಲಿ ಮಹಾವಾನರವೊಂದು ತರುಣಿಯೊಬ್ಬಳನ್ನು ಸೆರೆಹಿಡಿದಿರುತ್ತದೆ. ಬಡಗಿಯೊಬ್ಬನು ಏಣಿಗಳನ್ನೇರಿ ಅವಳನ್ನು ಬಿಡಿಸಬೇಕು. ಸ್ತ್ರೀಹರಣದ ಕಥೆಯೇ ತಪ್ಪೆಂದರೆ ನಮ್ಮ ಆದಿಕಾವ್ಯವನ್ನೂ ಕಟ್ಟಿಡಬೇಕಾದೀತು. ಆದರೆ ಅಶೋಕವನದ ಸೀತೆಯು ಹುಲ್ಲುಕಡ್ಡಿಯನ್ನು ಅಡ್ಡವಿಟ್ಟು ರಾವಣನಿಗೆ ಉತ್ತರಕೊಡುತ್ತಾಳೆ. ಹೊತ್ತೊಯ್ಯುವೆನೆಂದ ಹನುಮಂತನಿಗೂ ಒಲ್ಲೆನೆನ್ನುತ್ತಾಳೆ. ಸೆರೆಯಲ್ಲಿಯೂ ಅವಳು ಸ್ವತಂತ್ರಳು. ಈ ತರುಣಿಗಾದರೋ ಸಹಾಯಕ್ಕಾಗಿ ಕೂಗುವುದರ ಹೊರತು ಬೇರೆ ಕೆಲಸವಿಲ್ಲ. ಮೊದಲು ಅವಳಿಗೊಂದು ಹೆಸರೂ ಇರಲಿಲ್ಲ, ‘ಲೇಡಿ’ ಎಂದಷ್ಟೆ. ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ ಆಡುವವನು ಕರ್ತೃ, ಅವಳು ಕೇವಲ ಕರ್ಮ. ಕಥೆಯನ್ನು ಕೇಳುವವನು ಎಲ್ಲ ಪಾತ್ರಗಳೊಳಗೂ ಹೊಕ್ಕು ಬರಬಲ್ಲನು; ಆಟವಾಡುವವನಿಗೆ ಒಂದೇ ದೇಹ. ಹುಡುಗಿಯು ಆಡಲು ಕುಳಿತರೂ ಬಡಗಿಯಾಗಿಯೇ ಆಡಬೇಕು. ತನ್ನಂಥವಳು ಮೇಲೆ ಗೆಲುವಿನ ಪಣವಾಗಿ ನಿಂತಿರುತ್ತಾಳೆ.

ಆಗಿನ ಯಂತ್ರಗಳ ಸ್ಮೃತಿಕೋಶವು ಅತ್ಯಲ್ಪವಾದುದರಿಂದ ನಾಲ್ಕು ಚುಕ್ಕೆಗಳಲ್ಲಿ ತಿಳಿಯುವ ಕಥೆಯೇ ಬೇಕಾಗಿತ್ತೆಂದು ಪೂರ್ವಪಕ್ಷಿಗಳು ಹೇಳುತ್ತಾರೆ. ಒಪ್ಪೋಣ. ಆದರೆ ಜಾಹೀರಾತಿನ ಕಾಗದಕ್ಕೆ ಸ್ಮೃತಿಯ ಕೊರತೆಯುಂಟೆ? 1971ರ ಅಮೆರಿಕದ ‘ಕಂಪ್ಯೂಟರ್ ಸ್ಪೇಸ್’ ಆಟದಲ್ಲಿರುವುದು ಆಕಾಶನೌಕೆಗಳ ಯುದ್ಧ. ಅದರ ಪ್ರಚಾರಪತ್ರದಲ್ಲಿಯೋ, ತೆಳುವಸ್ತ್ರವನ್ನುಟ್ಟ ಯುವತಿಯೊಬ್ಬಳು ಯಂತ್ರದ ಪಕ್ಕದಲ್ಲಿ ನಿಂತಿದ್ದಾಳೆ! 1973ರಲ್ಲಿ ಅಟಾರಿಯವರು ತಂದ ‘ಗಾಚಾ’ ಇನ್ನೂ ವಿಚಿತ್ರವಾದುದು. ಆಟದೊಳಗೆ ಒಂದನ್ನೊಂದು ಬೆನ್ನಟ್ಟುವವು ಒಂದು ಚೌಕ, ಒಂದು ಕೂಡಿಸುವ ಚಿಹ್ನೆ. ಪ್ರಚಾರಪತ್ರದಲ್ಲಿ ಅವೇ ಪುರುಷನೂ ಅವನು ಬೆನ್ನಟ್ಟಿದ ಯುವತಿಯೂ ಆಗಿವೆ. ಯಂತ್ರಕ್ಕೆ ಗಂಡುಹೆಣ್ಣೆಂಬ ಭೇದ ತಿಳಿದಿರಲಿಲ್ಲ. ಮಾರುವವರು ಅದನ್ನು ಹೊರಗಿನಿಂದ ತಂದು ಹಚ್ಚಿದರು. ನನ್ನ ಮಟ್ಟಿಗೆ ಆಟಗಳಿಗಿಂತ ಈ ಕಾಗದಗಳೇ ಹೆಚ್ಚು ದೂಷ್ಯವಾದುವು.

ಕಾಲವೇ ಹಾಗಿತ್ತು, ಇಂದಿನ ಅಳತೆಗೋಲಿನಿಂದ ಅಳೆಯಬಾರದೆಂಬುದು ಮತ್ತೊಂದು ವಾದ. ಹಾಗಾದರೆ ಆ ಕಾಲದವರನ್ನೇ ಸಾಕ್ಷಿಗೆ ಕರೆಯೋಣ. 1980ರ ‘ಪ್ಯಾಕ್‌ಮ್ಯಾನ್’ ಆಟವನ್ನು ತೋರು ಇವಾತಾನಿಯವರು ಸ್ತ್ರೀಯರೂ ಬಂದು ಆಡಲೆಂದೇ ರಚಿಸಿದರು. ‘ಸೆಂಟಿಪೀಡ್’ ಆಟವನ್ನು ರಚಿಸಿದವರಲ್ಲಿ ಡೋನಾ ಬೇಲಿ ಎಂಬ ಮಹಿಳೆಯೂ ಒಬ್ಬರು. 1982ರಲ್ಲಿ ಅಮೆರಿಕದ ಸಂಸ್ಥೆಯೊಂದು ಕಟ್ಟಿಹಾಕಿದ ಮೂಲನಿವಾಸಿ ಸ್ತ್ರೀಯ ಮಾನಭಂಗವನ್ನೇ ಗೆಲುವನ್ನಾಗಿಟ್ಟು ಆಟವೊಂದನ್ನು ಮಾರಿದಾಗ ಮಹಿಳಾ ಸಂಘಗಳವರೂ ಮೂಲನಿವಾಸಿಗಳೂ ಕೂಡಲೇ ಪ್ರತಿಭಟಿಸಿದರು. ಅಂದು ಕಂಡ ತಪ್ಪನ್ನು ಇಂದು ಕಾಣಬಾರದೇಕೆ?

ಹಳೆಯ ಆಟಗಳನ್ನೆಲ್ಲ ಬಹಿಷ್ಕರಿಸಬೇಕೆಂದು ನಾನು ಹೇಳುವವನಲ್ಲ. ಮಗಳ ಪಕ್ಕದಲ್ಲಿ ಕುಳಿತು ಆಡುವ ತಂದೆಯು ಅವಳು ಕೇಳುವ ಪ್ರಶ್ನೆಗಳಿಗೆ ಸಿದ್ಧನಾಗಿರಲಿ. ಅವಳು ಕೇಳಿಯೇ ಕೇಳುವಳು. 1986ರ ‘ಮೆಟ್ರಾಯಿಡ್’ ಆಟದ ವೀರನು ಕೊನೆಯಲ್ಲಿ ಕವಚ ಕಳಚಿದರೆ ಸ್ತ್ರೀಯೆಂದು ತಿಳಿಯುತ್ತದೆ. ಎಷ್ಟು ಬೇಗ ಗೆದ್ದರೆ ಮೈಮೇಲೆ ಅಷ್ಟು ಕಡಮೆ ಬಟ್ಟೆ, ಇದೇಕೆ? ನಿಂಟೆಂಡೋದವರ ರಾಜಕುಮಾರಿ ಪೀಚ್ 1985ರಿಂದ ಸೆರೆಯಾಗುತ್ತ ಬಂದವಳು. 2005ರಲ್ಲಿ ಅವಳೇ ನಾಯಕಿಯಾಗಿ ಸೆರೆಯಾದ ಮಾರಿಯೋವನ್ನು ಬಿಡಿಸಲು ಹೊರಟಳು. ಆಗ ಆ ಕರ್ತೃವಿಗೆ ಒಂದು ಕೊಡೆಯೊಡನೆ ಅವರು ಕೊಟ್ಟ ಶಕ್ತಿಗಳಾದರೂ ಯಾವುವು? ಅಳು, ಸಿಟ್ಟು, ಹರ್ಷ, ಶಾಂತಿ.