ತಪ್ಪುದಾರಿಯ ನ್ಯಾಯ

ಓಟವೆಂದರೆ ಹಿಂದೆ ಬಿದ್ದವನನ್ನು ಬಿಟ್ಟು ಹೋಗುವುದೆಂದೇ ನಾನು ತಿಳಿದಿದ್ದೆ. ಶಾಲೆಯ ಕ್ರೀಡಾಕೂಟಗಳಲ್ಲಿ ಯಾವಾಗಲೂ ಕೊನೆಯವನಾದ ನನಗೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ? ಕಳೆದ ವರ್ಷ ತಂಗಿಯ ಮನೆಗೆಂದು ಕ್ವಾಲಾಲಂಪುರಕ್ಕೆ ಹೋಗಿದ್ದಾಗ, ಭಾವ ಒಂದು ಸಂಜೆ ನನ್ನನ್ನು ವಿಚಿತ್ರವಾದೊಂದು ಓಟದ ಕೂಟಕ್ಕೆ ಕರೆದೊಯ್ದರು. ದಿನವಿಡೀ ಬ್ಯಾಂಕಿನ ಕುರ್ಚಿಯಲ್ಲಿ ಕೂರುವ ನಾನು ಅಂಜುತ್ತಲೇ ಹೋದೆ.

‘ಹ್ಯಾಶ್ ಹೌಸ್ ಹ್ಯಾರಿಯರ್ಸ್’ ಎಂಬ ಈ ಆಟ ಹುಟ್ಟಿದ್ದು ಅದೇ ಊರಿನಲ್ಲಿ, 1938ರಲ್ಲಿ. ಹುಟ್ಟುಹಾಕಿದವರಲ್ಲಿ ಮುಖ್ಯನಾದ ಗಿಸ್ಪರ್ಟ್ ಎಂಬ ಆಂಗ್ಲ ಲೆಕ್ಕಿಗ 1942ರಲ್ಲಿ ಸಿಂಗಾಪುರದ ಯುದ್ಧದಲ್ಲಿ ಮಡಿದ. ತಮ್ಮ ಭೋಜನಶಾಲೆಯ ಸಪ್ಪೆ ಊಟವನ್ನು ಗೇಲಿಮಾಡಿ ಇಟ್ಟ ಹೆಸರದು. ಒಬ್ಬ ‘ಮೊಲ’ವಾಗಿ ಮುಂದೆ ಹೋಗಿ ಕಾಗದದ ಚೂರುಗಳನ್ನೋ ಹಿಟ್ಟನ್ನೋ ಚೆಲ್ಲುತ್ತಾನೆ. ಉಳಿದವರು ಬೇಟೆನಾಯಿಗಳಂತೆ ಆ ಜಾಡು ಹಿಡಿದು ಓಡುತ್ತಾರೆ. ಕೊನೆಯಲ್ಲಿ ಹಾಡು, ಹಾಸ್ಯ, ಬಿಯರು. ನನಗೆ ನಿಂಬೆಯ ಶರಬತ್ತು.

ರಬ್ಬರು ತೋಟದ ಏರಿನಲ್ಲಿ ಎಲ್ಲರೂ ನನ್ನನ್ನು ದಾಟಿ ಹೋದರು. ಆದರೆ ಒಂದೆಡೆ ಜಾಡು ಹಠಾತ್ತಾಗಿ ಮುಗಿದಿತ್ತು. ಚುರುಕಿನವರು ದಿಕ್ಕಿಗೊಬ್ಬರಂತೆ ಹುಡುಕಿ, ಹುಸಿ ಜಾಡುಗಳಲ್ಲಿ ಮೋಸಹೋಗಿ ಮರಳುತ್ತಿದ್ದರು. ಅಷ್ಟರಲ್ಲಿ ನಾನೂ ತಲುಪಿದೆ. ಯಾರೋ ಸರಿದಾರಿ ಕಂಡು ‘ಆನ್ ಆನ್’ ಎಂದು ಕೂಗಿದರು, ಜೊತೆಯಾಗಿ ಹೊರಟೆವು. ಮೂರು ಸಲ ಹೀಗೆಯೇ ಆಯಿತು. ಅದೃಷ್ಟವೆಂದುಕೊಂಡೆ. ಭಾವ ನಕ್ಕರು: “ಹಿಂದಿನವರು ಬಂದು ಸೇರಲೆಂದೇ ಹುಸಿ ಜಾಡು ಹಾಕುವುದು.”

ನನಗಾಗಿ ಯಾರೂ ಕಾದು ನಿಂತಿರಲಿಲ್ಲ. ಯಾರೂ ‘ಪಾಪ’ ಎಂದಿರಲಿಲ್ಲ. ಅಂದಿದ್ದರೆ ಕಾಲುನೋವಿನ ನೆಪ ಹೇಳಿ ಮರಳುತ್ತಿದ್ದೆ. ಕರುಣೆ ಕೊಡುವವನ ಮನಸ್ಸಿನ ಹದವನ್ನು ನಂಬಿದೆ. ಪಡೆದವನನ್ನು ಸ್ವಲ್ಪ ಕುಗ್ಗಿಸುತ್ತದೆ. ನಿಯಮ ಹಾಗಲ್ಲ. ಆದರೆ ನಿಯಮವೊಂದೇ ಸಾಲದು. ದಾರಿ ಕಂಡವನು ಕೂಗದೆ ಓಡಿದರೆ ಆಟವೇ ಕೆಡುತ್ತದೆ.

ಗಡಿನಾಡಿನ ನಮಗೆ ಇದು ಹೊಸ ಪಾಠವೇನಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂಬ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದು 1956ರಲ್ಲಿ. ಆದರೂ ಕಚೇರಿಯಲ್ಲೊಬ್ಬರು ಕನ್ನಡದ ಅರ್ಜಿ ಹುಡುಕಿ ಕೊಟ್ಟರೆ ನಾವು ಕೈಮುಗಿಯುತ್ತೇವೆ. ಹಕ್ಕು ಉಪಕಾರವಾಗುವುದು ಹೀಗೆ.

ಆದರೆ ನಾನೇನು ಮಾಡುತ್ತಿದ್ದೆ? ಓದು ಬಾರದ ಮುದುಕಿ ಚೀಟಿ ಬರೆಸಲು ಬಂದರೆ, ಸಾಲು ಕರಗುವವರೆಗೆ ಬದಿಯಲ್ಲಿ ನಿಲ್ಲಿಸುತ್ತಿದ್ದೆ. ಆಮೇಲೆ ‘ಪಾಪ’ ಎಂದು ಬರೆದುಕೊಡುತ್ತಿದ್ದೆ. ಈಗ ಅವರನ್ನು ಸಾಲಿನಿಂದ ಸರಿಸುವುದಿಲ್ಲ. ಸರದಿ ಬಂದಾಗಲೇ ಬರೆಯುತ್ತೇನೆ. ಹಿಂದಿನವರು ಗೊಣಗುತ್ತಾರೆ. ಮುದುಕಿಯರು ಮಾತ್ರ ಈಗಲೂ “ದೊಡ್ಡ ಉಪಕಾರವಾಯಿತು ಮಗಾ” ಎನ್ನುತ್ತಾರೆ. ಮೊದಲು ಆ ಮಾತಿಗೆ ಹಿಗ್ಗುತ್ತಿದ್ದೆ. ಈಗ ನಾಚಿಕೆಯಾಗುತ್ತದೆ.