ಸೀಳಿ ನೋಡಿದ ಅಡಿಕೆ

ಶಿರಸಿ ಕಡೆಯ ಒಂದು ಮನೆಯ ಜಗಲಿ. ದೊಡ್ಡಪ್ಪ ಹತ್ತಾರು ವರ್ಷ ಸೊಸೈಟಿಯಲ್ಲಿ ಅಡಿಕೆ ಆರಿಸುವವರ ಮೇಲ್ವಿಚಾರಣೆ ನೋಡಿಕೊಂಡವರು. ತಮ್ಮನ ಮಗಳು ದಿಲ್ಲಿ ಪಕ್ಕದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದುತ್ತಾಳೆ. ಸುಲಭಕ್ಕೆ ಸೀಟು ಸಿಗದ ಜಾಗ. ರಜೆಗೆ ಬಂದಿದ್ದಾಳೆ. ಇಬ್ಬರ ನಡುವೆ ಒಣಗಿಸಿ ಸುಲಿದ ಚಾಲಿ ಅಡಿಕೆಯ ಗುಡ್ಡೆ.

ದೊಡ್ಡಪ್ಪ: ನಿನ್ನಪ್ಪ ಹೋದ ವರ್ಷದ ಚಾಲಿಯೆಲ್ಲ ಮಾರಿ ನಿನ್ನ ಫೀಸು ಕಟ್ಟಿದ. ಬೈಯುತ್ತಿಲ್ಲ ಕೂಸೇ, ಕೇಳುತ್ತಿದ್ದೇನೆ. ಅಲ್ಲಿ ಹೇಳಿಕೊಡುವ ಅರ್ಥಶಾಸ್ತ್ರ ಧಾರವಾಡದಲ್ಲಿ ಸಿಗುವುದಿಲ್ಲವಾ?

ಹುಡುಗಿ: ಸಿಗುತ್ತದೆ. ಪುಸ್ತಕಗಳು ಹೆಚ್ಚುಕಡಿಮೆ ಅವೇ.

ದೊಡ್ಡಪ್ಪ: ಮತ್ತೆ ದುಡ್ಡು ಯಾವುದಕ್ಕೆ?

ಹುಡುಗಿ: ಅದಕ್ಕೆ ನಮ್ಮವರಲ್ಲೇ ಎರಡು ಪಕ್ಷ. ಗ್ಯಾರಿ ಬೆಕರ್ 1964ರಲ್ಲಿ ‘ಹ್ಯೂಮನ್ ಕ್ಯಾಪಿಟಲ್’ ಬರೆದ. ಅವನ ಪ್ರಕಾರ ಓದು ಅಂದರೆ ನಮ್ಮ ಹಂಡೆ. ಹಸಿ ಅಡಿಕೆ ಚೊಗರಿನಲ್ಲಿ ಬೆಂದು ಕೆಂಪಡಿಕೆಯಾಗುತ್ತದೆ, ದರ ಏರುತ್ತದೆ. ಮೈಕೆಲ್ ಸ್ಪೆನ್ಸ್ 1973ರಲ್ಲಿ ಬೇರೆಯೇ ಹೇಳಿದ. ಕೆಲಸ ಕೊಡುವವನಿಗೆ ಮನುಷ್ಯನ ಒಳಗು ಕಾಣುವುದಿಲ್ಲ. ಓದು ಜಾಣನಿಗೆ ಅಗ್ಗ, ದಡ್ಡನಿಗೆ ದುಬಾರಿ. ಹಾಗಾಗಿ ಓದಿ ಮುಗಿಸಿದವನು ಜಾಣನೇ ಇರಬೇಕು ಅಂತ ನಂಬಬಹುದು. ಓದಿನಿಂದ ಏನೂ ಕಲಿಯದಿದ್ದರೂ ಪದವಿಗೆ ಬೆಲೆ ಬರುತ್ತದೆ. ಅಂದರೆ ವಿಶ್ವವಿದ್ಯಾಲಯ ಬೇಯಿಸುವ ಹಂಡೆಯಲ್ಲ, ಆರಿಸುವ ಅಂಗಳ. ಅವನಿಗೆ 2001ರಲ್ಲಿ ನೊಬೆಲ್ ಬಂತು.

ದೊಡ್ಡಪ್ಪ: ಆರಿಸುವುದಕ್ಕೂ ನೊಬೆಲ್ ಉಂಟು ಅಂತ ನಮಗೆ ಯಾರೂ ಹೇಳಲೇ ಇಲ್ಲ.

(ಅಡಕತ್ತರಿಯಲ್ಲಿ ಒಂದು ಅಡಿಕೆ ಸೀಳಿ ಅಂಗೈ ಮೇಲಿಟ್ಟರು. ಬಿಳಿ ತಿರುಳಿನಲ್ಲಿ ಕಂದು ಗೆರೆಗಳು; ಒಂದು ಅಂಚು ಮಾತ್ರ ಕಪ್ಪಗೆ.)

ಹೊರಗಿನಿಂದ ಚೆಂದವೇ ಇತ್ತು, ನೋಡಿದೆಯಲ್ಲ? ವ್ಯಾಪಾರಿ ಚೀಲದ ಮೇಲಿನ ಹೆಸರು ಓದಿ ಟೆಂಡರ್ ಬರೆಯುವುದಿಲ್ಲ. ಹೀಗೆ ಸೀಳುತ್ತಾನೆ.

ಹುಡುಗಿ: ಮನುಷ್ಯರನ್ನು ಸೀಳಲಾಗುವುದಿಲ್ಲವಲ್ಲ.

ದೊಡ್ಡಪ್ಪ: ಅದೂ ಹೌದು.

ಹುಡುಗಿ: ಟೆಂಡರಿನಲ್ಲಿ ಗೆದ್ದವನು ತಾನು ಬರೆದ ದರವನ್ನೇ ಕೊಡಬೇಕಾ? ವಿಲಿಯಂ ವಿಕ್ರಿ 1961ರಲ್ಲಿ ಒಂದು ಲೆಕ್ಕ ತೋರಿಸಿದ. ಎರಡನೆಯವನ ದರ ಕೊಟ್ಟರೆ ಸಾಕು ಅಂತ ನಿಯಮ ಮಾಡಿದರೆ ಎಲ್ಲರೂ ಮನಸ್ಸಿನಲ್ಲಿರುವ ಬೆಲೆಯನ್ನೇ ಬರೆಯುತ್ತಾರಂತೆ.

ದೊಡ್ಡಪ್ಪ: ವ್ಯಾಪಾರಿಗಳೆಲ್ಲ ಒಂದೇ ಅಂಗಡಿಯಲ್ಲಿ ಚಹಾ ಕುಡಿದರೆ?

ಹುಡುಗಿ: ಆಗ ಲೆಕ್ಕ ಕೆಡುತ್ತದೆ. ಅದು ಮುಂದಿನ ಸೆಮಿಸ್ಟರ್.

ದೊಡ್ಡಪ್ಪ: ಇರಲಿ, ಫೀಸಿನ ಮಾತಿಗೆ ಬಾ. ಅಂಬೇಡ್ಕರ್ ಓದಿದ್ದೂ ಖಾಸಗಿ ಕಡೆಯೇ ಅಲ್ಲವಾ, ಅಮೆರಿಕದಲ್ಲಿ?

ಹುಡುಗಿ: ಹೌದು, ಕೊಲಂಬಿಯಾ. 1913ರಲ್ಲಿ ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ಹೋದರು, 1915ರಲ್ಲಿ ಎಂ.ಎ. ಆಯಿತು. ನನಗೆ ತಲೆಯಲ್ಲಿ ಕೊರೆಯುತ್ತಿರುವುದೂ ಅದೇ, ದೊಡ್ಡಪ್ಪ. ಸ್ಪೆನ್ಸ್ ಹೇಳಿದ ಗುರುತು ಕೆಲಸ ಮಾಡಬೇಕಾದರೆ ಆ ಗುರುತನ್ನು ಓದುವವನೊಬ್ಬ ಬೇಕು. 1917ರಲ್ಲಿ ಅವರು ಬರೋಡಕ್ಕೆ ನೌಕರಿಗೆ ಬಂದರು. ಕೊಲಂಬಿಯಾದ ಮೊಹರು ಜೊತೆಗಿತ್ತು, ಆದರೆ ಊರಿನಲ್ಲಿ ತಂಗಲು ಜಾಗ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಇದ್ದರು. ಅವರ ಜಾತಿ ಗೊತ್ತಾದ ಕೂಡಲೇ ಪಾರ್ಸಿಗಳು ದೊಣ್ಣೆ ಹಿಡಿದುಕೊಂಡು ಬಂದು ಹೊರಗೆ ಕಳಿಸಿದರು. ಊರು ಜಾತಿಯ ಚೀಟಿಯೊಂದನ್ನೇ ಓದಿತು. ಅಲ್ಲಿಗೆ ಸ್ಪೆನ್ಸನ ಗುರುತು ಸತ್ತಿತು. ಪದವಿ ಬರೀ ಗುರುತೇ ಆಗಿದ್ದರೆ ಅವರಿಗೆ ಏನೂ ಉಳಿಯಬಾರದಿತ್ತು. ಆದರೆ ಬ್ರಿಟಿಷ್ ಇಂಡಿಯಾದ ಪ್ರಾಂತ್ಯಗಳ ಹಣಕಾಸಿನ ಮೇಲೆ ಕೊಲಂಬಿಯಾಕ್ಕೆ ಬರೆದ ಪ್ರಬಂಧ 1925ರಲ್ಲಿ ಪುಸ್ತಕವಾಯಿತು, ಅವರ ಮೇಷ್ಟ್ರು ಸೆಲಿಗ್‌ಮನ್ ಮುನ್ನುಡಿ ಬರೆದರು. ಕೇಂದ್ರ ಎಷ್ಟು ಇಟ್ಟುಕೊಳ್ಳಬೇಕು, ಪ್ರಾಂತ್ಯಕ್ಕೆ ಎಷ್ಟು ಬಿಡಬೇಕು ಅನ್ನುವ ಜಗಳ ಈಗಲೂ ಮುಗಿದಿಲ್ಲವಲ್ಲ. ಬೆಂದದ್ದು ಬೆಂದೇ ಇತ್ತು. ಇನ್ನು ನನ್ನ ವಿಷಯ. ಪದವಿಗೆ ಮೊದಲೇ ನನಗೆ ಮೊಹರು ಬಿದ್ದಿದೆ: ಹೆಸರಿನ ಕೊನೆಗೆ ಹೆಗಡೆ, ಬೆನ್ನಿಗೆ ಅಪ್ಪನ ತೋಟ. ಅದರ ಮೇಲೆ ಈ ವಿಶ್ವವಿದ್ಯಾಲಯದ್ದೊಂದು. ಯಾರೂ ನನ್ನನ್ನು ಬಾಗಿಲಿನಿಂದ ವಾಪಸು ಕಳಿಸುವುದಿಲ್ಲ. ಹಾಗಾಗಿ ಒಳಗೆ ಏನಿದೆ ಅಂತ ನನಗೂ ಗೊತ್ತಾಗುವುದಿಲ್ಲ.

ದೊಡ್ಡಪ್ಪ: ನೀನು ಹೇಳಿದರೆ ಸರಿಯೇ ಇರಬೇಕು.

ಹುಡುಗಿ: ಇಷ್ಟು ಬೇಗ ಒಪ್ಪಬೇಡಿ. ಡೇಲ್, ಕ್ರೂಗರ್ ಅಂತ ಇಬ್ಬರು 2002ರಲ್ಲಿ ಅಮೆರಿಕದ ಲೆಕ್ಕ ತೆಗೆದರು. ದೊಡ್ಡ ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಸಾಧಾರಣ ಕಾಲೇಜಿಗೆ ಹೋದವರ ಸಂಪಾದನೆ, ದೊಡ್ಡ ಕಾಲೇಜಿಗೇ ಹೋದವರಷ್ಟೇ ಇತ್ತು. ಬಡವರ ಮನೆಯ ಮಕ್ಕಳಿಗೆ ಮಾತ್ರ ದೊಡ್ಡ ಕಾಲೇಜಿನಿಂದ ಲಾಭವಾಗಿತ್ತು.

ದೊಡ್ಡಪ್ಪ: ಅಂದರೆ ನಮ್ಮ ಚಾಲಿ?

ಹುಡುಗಿ: ಇದನ್ನು ಹೇಳಿಕೊಟ್ಟಿದ್ದೇ ಆ ಫೀಸಿನ ಕ್ಲಾಸಿನಲ್ಲಿ. ಎಲ್ಲರೂ ನಕ್ಕರು, ನಾನೂ ನಕ್ಕೆ.

(ದೊಡ್ಡಪ್ಪ ಕಪ್ಪಂಚಿನ ಹೋಳನ್ನು ಬೇರೆ ಬುಟ್ಟಿಗೆ ಹಾಕಿದರು.)

ದೊಡ್ಡಪ್ಪ: ಆ ಪ್ರಾಂತ್ಯದ ಲೆಕ್ಕದ ಪುಸ್ತಕ ಹೇಗಿದೆ? ನನಗೆ ಅರ್ಥವಾಗುವ ಹಾಗಿದೆಯಾ?

ಹುಡುಗಿ: ಫೋನಿನಲ್ಲಿ ಇಳಿಸಿಟ್ಟುಕೊಂಡಿದ್ದೇನೆ. ಓದಿಲ್ಲ.

ದೊಡ್ಡಪ್ಪ: ಓದಿಲ್ಲ?

ಹುಡುಗಿ: ಸಿಲಬಸ್ಸಿನಲ್ಲಿ ಇಲ್ಲ.

ದೊಡ್ಡಪ್ಪ: ಮತ್ತೆ, ಬೆಂದಿದೆ ಅಂದೆಯಲ್ಲ?

(ಹುಡುಗಿ ಫೋನು ತೆಗೆದಳು. ಜಗಲಿಯಲ್ಲಿ ಸಿಗ್ನಲ್ ಇರಲಿಲ್ಲ. ಪುಸ್ತಕ ಮಾತ್ರ ತೆರೆದುಕೊಂಡಿತು.)

ದೊಡ್ಡಪ್ಪ: ಗಟ್ಟಿಯಾಗಿ ಓದು. ನಾನು ಆರಿಸುತ್ತಿರುತ್ತೇನೆ.