ಶ್ವಾಸಕೋಶದ ಗಂಟು: ಸಂಶಯ, ನಿರ್ಣಯ ಮತ್ತು ಸತ್ಯವಚನ

ಜೈನ ನ್ಯಾಯಶಾಸ್ತ್ರವು ಯಥಾರ್ಥವಲ್ಲದ ಜ್ಞಾನವನ್ನು ಮೂರು ಬಗೆಯಾಗಿ ವಿಂಗಡಿಸಿದೆ. ಅವು ಸಂಶಯ, ವಿಪರ್ಯಯ ಮತ್ತು ಅನಧ್ಯವಸಾಯ. ಮುಸ್ಸಂಜೆಯ ಮಬ್ಬಿನಲ್ಲಿ ದೂರದಲ್ಲಿ ಕಾಣುವುದು ಮೋಟುಮರವೋ ಮನುಷ್ಯನೋ ಎಂದು ಮನಸ್ಸು ತೂಗಾಡುವುದು ಸಂಶಯ. ಕಪ್ಪೆಚಿಪ್ಪನ್ನು ಬೆಳ್ಳಿಯೆಂದೇ ನಂಬುವುದು ವಿಪರ್ಯಯ. ನಡೆಯುವಾಗ ಕಾಲಿಗೆ ಏನೋ ತಗುಲಿತೆಂದಷ್ಟೇ ಅರಿತು ವಿಚಾರಿಸದೆ ಮುಂದೆ ಸಾಗುವುದು ಅನಧ್ಯವಸಾಯ. ಪಾಠಶಾಲೆಯ ದೃಷ್ಟಾಂತಗಳಂತೆ ತೋರುವ ಈ ಮೂರೂ, ಎದೆಯ ಸ್ಕ್ಯಾನ್ ವರದಿಯನ್ನು ಕೈಯಲ್ಲಿ ಹಿಡಿದು ನಿಂತ ಮನುಷ್ಯನ ಪಾಲಿಗೆ ಇಂದು ಜೀವನದ ಪ್ರಶ್ನೆಗಳಾಗಿವೆ.

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಒಬ್ಬ ಗೃಹಸ್ಥನು ಬಿಡದ ಕೆಮ್ಮಿಗೆಂದೋ, ಬೇರೊಂದು ಶಸ್ತ್ರಚಿಕಿತ್ಸೆಯ ಪೂರ್ವಸಿದ್ಧತೆಗೆಂದೋ ಎದೆಯ ಎಕ್ಸ್-ರೇ ತೆಗೆಸಿಕೊಳ್ಳುವನೆಂದು ಭಾವಿಸಬಹುದು. ಚಿತ್ರದಲ್ಲಿ ಅಡಿಕೆಗಿಂತ ಚಿಕ್ಕದಾದ ಒಂದು ದುಂಡು ನೆರಳು ಕಾಣುತ್ತದೆ. ಆ ಕ್ಷಣದಲ್ಲಿಯೇ ಮನೆಯವರ ಮನಸ್ಸಿನಲ್ಲಿ ಕ್ಯಾನ್ಸರ್ ಎಂಬ ಶಬ್ದ ಮೂಡುತ್ತದೆ. ಆದರೆ ಮೂರು ಸೆಂಟಿಮೀಟರಿನವರೆಗಿನ ಇಂತಹ ನೆರಳುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಹಿಂದೆಂದೋ ಬಂದು ವಾಸಿಯಾದ ಕ್ಷಯರೋಗದ ಗಾಯದ ಗುರುತು ನಮ್ಮ ದೇಶದಲ್ಲಿ ಇದಕ್ಕೆ ಒಂದು ಮುಖ್ಯ ಕಾರಣ. ನಿಜವಾದ ಗಡ್ಡೆಗಳಲ್ಲಿಯೂ ಹಾನಿಯಿಲ್ಲದವು ಉಂಟು. ಅವುಗಳ ಪೈಕಿ ಹೆಚ್ಚಾಗಿ ಕಾಣುವುದು ಹಮಾರ್ಟೋಮಾ. ಮೃದ್ವಸ್ಥಿ, ಕೊಬ್ಬು ಮೊದಲಾದ ದೇಹದ ಸಹಜ ಧಾತುಗಳೇ ಕ್ರಮತಪ್ಪಿ ಒಂದೆಡೆ ಕೂಡಿ ಬೆಳೆದ ಈ ಗಂಟಿಗೆ 1904ರಲ್ಲಿ ಜರ್ಮನಿಯ ರೋಗವಿಜ್ಞಾನಿ ಅಲ್ಬ್ರೆಕ್ಟ್ ಈ ಹೆಸರನ್ನಿಟ್ಟನು.

ಹಾಗಾದರೆ ನಿರುಪದ್ರವಿಯೆಂದು ನಿರ್ಣಯಿಸುವ ಬಗೆ ಯಾವುದು? ಮತಿಜ್ಞಾನವು ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಸಾಗುವುದೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ವೈದ್ಯನ ಹಾದಿಯೂ ಇದಕ್ಕೆ ದೂರವಾದುದಲ್ಲ. ಏನೋ ಒಂದು ನೆರಳಿದೆಯೆಂಬುದು ಅವಗ್ರಹ. ಅದರ ವಿಶೇಷಗಳನ್ನು ಅರಸುವುದು ಈಹಾ. ಗಂಟಿನ ನಡುವೆ ಇಲ್ಲವೆ ಇಡಿಯಾಗಿ ಸುಣ್ಣದಂಶ ಕಟ್ಟಿದೆಯೇ, ಸುಣ್ಣವು ಪದರಪದರವಾಗಿ ಅಥವಾ ಹುರಿದ ಜೋಳದ ಅರಳಿನಂತೆ ಹರಡಿದೆಯೇ, ಒಳಗೆ ಕೊಬ್ಬು ಇದೆಯೇ, ಅಂಚು ನುಣುಪೋ ಮುಳ್ಳುಮುಳ್ಳೋ ಎಂಬುದನ್ನು ಸಿ.ಟಿ. ಸ್ಕ್ಯಾನಿನಲ್ಲಿ ನೋಡಬೇಕಾಗುತ್ತದೆ. ಮೊದಲು ಹೇಳಿದ ಸುಣ್ಣದ ರೂಪಗಳೂ ಕೊಬ್ಬಿನ ಇರುವಿಕೆಯೂ ಗಂಟು ಸೌಮ್ಯವೆಂಬುದಕ್ಕೆ ಬಲವಾದ ಸಾಕ್ಷಿಗಳು. ರೋಗಿಯ ವಯಸ್ಸು, ಬೀಡಿ ಸಿಗರೇಟುಗಳ ಚಟ, ಹಿಂದಿನ ಕಾಯಿಲೆಗಳು ಇವೂ ಲೆಕ್ಕಕ್ಕೆ ಬರುತ್ತವೆ.

ಇವೆಲ್ಲಕ್ಕಿಂತ ಅಗ್ಗವಾದ, ಆದರೆ ಹೆಚ್ಚಾಗಿ ಅಲಕ್ಷಿತವಾದ ಸಾಕ್ಷಿ ಹಳೆಯ ಎಕ್ಸ್-ರೇ ಚಿತ್ರ. ವ್ಯಾಪಾರಿಯು ಈ ವರ್ಷದ ಲೆಕ್ಕದ ಅರ್ಥವನ್ನು ಹೋದ ವರ್ಷದ ಖಾತೆ ಪುಸ್ತಕವಿಲ್ಲದೆ ತಿಳಿಯಲಾರನು. ಘನವಾದ ಗಂಟೊಂದು ಎರಡು ವರ್ಷಗಳಲ್ಲಿ ಬೆಳೆಯದಿದ್ದರೆ ಅದು ಬಹುಶಃ ಸೌಮ್ಯವೆಂದು ವೈದ್ಯರು ಎಣಿಸುತ್ತಾರೆ. ಇಲ್ಲಿ ಗಣಿತದ ಒಂದು ಸೂಕ್ಷ್ಮವಿದೆ. ಗಂಟಿನ ಅಡ್ಡಳತೆ ಶೇಕಡಾ 26ರಷ್ಟು ಹೆಚ್ಚಿದರೆ ಅದರ ಗಾತ್ರ ಇಮ್ಮಡಿಯಾದಂತೆ. ಅಂದರೆ 10 ಮಿಲಿಮೀಟರಿನ ಗಂಟು 12.6 ಮಿಲಿಮೀಟರ್ ಆದಾಗ ಕಣ್ಣಿಗೆ ಅಲ್ಪವೆಂದು ತೋರುವ ವ್ಯತ್ಯಾಸವು ನಿಜದಲ್ಲಿ ದುಪ್ಪಟ್ಟು. ಆದ್ದರಿಂದ ಅಳತೆಯನ್ನು ಬರೆದಿಡದೆ ಕೇವಲ ‘ಹಾಗೆಯೇ ಇದೆ’ ಎನ್ನುವುದು ನಿರ್ಣಯವಲ್ಲ, ಅನಧ್ಯವಸಾಯ.

ಸೂಜಿಯಿಂದ ಚೂರು ತೆಗೆದು ಪರೀಕ್ಷಿಸಿದರೆ ಸಂದೇಹವೇ ಉಳಿಯದೆಂದು ಹಲವರು ತಿಳಿದಿದ್ದಾರೆ. ಕಾಳುಮೆಣಸಿನ ವ್ಯಾಪಾರವು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಿಂದಲೂ ಈ ಕರಾವಳಿಗೆ ಪರಿಚಿತ. ಚೀಲದಿಂದ ತೆಗೆದ ಒಂದು ಹಿಡಿಯಲ್ಲಿ ಪಪ್ಪಾಯಿ ಬೀಜ ಸಿಕ್ಕರೆ ಚೀಲದಲ್ಲಿ ಕಲಬೆರಕೆ ಇರುವುದು ಖಚಿತ. ಸಿಗದಿದ್ದರೆ ಚೀಲವೆಲ್ಲ ಶುದ್ಧವೆಂದು ಹೇಳುವಂತಿಲ್ಲ. ಸೂಜಿಯ ಪರೀಕ್ಷೆಯೂ ಹೀಗೆಯೇ. ಅದರಲ್ಲಿ ಕ್ಯಾನ್ಸರ್ ಕಣ ಕಂಡರೆ ಮಾತು ಮುಗಿಯಿತು. ಹಮಾರ್ಟೋಮಾದ ಮೃದ್ವಸ್ಥಿಯಂತಹ ನಿಶ್ಚಿತ ಲಕ್ಷಣ ದೊರೆತರೂ ನಿರ್ಣಯ ಸಾಧ್ಯ. ಆದರೆ ‘ಕ್ಯಾನ್ಸರ್ ಕಣಗಳಿಲ್ಲ’ ಎಂಬಷ್ಟೇ ವರದಿಯು ಸೌಮ್ಯತೆಯನ್ನು ಸಿದ್ಧಪಡಿಸುವುದಿಲ್ಲ. ಜೊತೆಗೆ, ಸೂಜಿ ಹೊಕ್ಕ ಕೆಲವರಲ್ಲಿ ಗಾಳಿ ಸೋರಿ ಶ್ವಾಸಕೋಶ ಕುಗ್ಗುವ ಅಪಾಯವೂ ಉಂಟು. ಪೆಟ್ ಸ್ಕ್ಯಾನ್ ಸಹ ಕ್ಷಯದ ಗಂಟನ್ನು ಕ್ಯಾನ್ಸರಿನಂತೆಯೇ ಹೊಳೆಯಿಸಿ ತೋರಿಸಬಲ್ಲದು.

ಇಲ್ಲಿಂದ ನೈತಿಕ ಪ್ರಶ್ನೆ ಆರಂಭವಾಗುತ್ತದೆ. ತಪ್ಪು ಎರಡು ಬಗೆಯಲ್ಲಿ ಸಂಭವಿಸಬಹುದು. ಅಪಾಯವಿಲ್ಲದ ಗಂಟಿಗಾಗಿ ಎದೆಯನ್ನು ಸೀಳುವುದು ಒಂದು, ಅಪಾಯಕಾರಿಯಾದುದನ್ನು ಸೌಮ್ಯವೆಂದು ಬಿಟ್ಟುಬಿಡುವುದು ಇನ್ನೊಂದು. ಮೊದಲನೆಯದು ಅನಗತ್ಯವಾದ ಹಿಂಸೆ, ಎರಡನೆಯದು ಪ್ರಮಾದದಿಂದಾಗುವ ಹಿಂಸೆ. ಅಮೆರಿಕದಲ್ಲಿ 53,454 ಮಂದಿ ಧೂಮಪಾನಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವು ಎರಡೂ ಮುಖಗಳನ್ನು ತೋರಿಸಿತು. ಎಕ್ಸ್-ರೇಗೆ ಹೋಲಿಸಿದಾಗ ಕಡಿಮೆ ವಿಕಿರಣದ ಸಿ.ಟಿ. ತಪಾಸಣೆಯಿಂದ ಶ್ವಾಸಕೋಶದ ಕ್ಯಾನ್ಸರಿನ ಸಾವು ಶೇಕಡಾ 20ರಷ್ಟು ಇಳಿಯಿತು. ಅದೇ ತಪಾಸಣೆಯಲ್ಲಿ ಸಂದೇಹಾಸ್ಪದವೆಂದು ಬಂದ ಫಲಿತಾಂಶಗಳಲ್ಲಿ ಶೇಕಡಾ 96.4ರಷ್ಟು ಕ್ಯಾನ್ಸರ್ ಆಗಿರಲಿಲ್ಲ. ಹುಡುಕದಿರುವುದೂ ತಪ್ಪು, ಕಂಡುದನ್ನೆಲ್ಲ ಶತ್ರುವೆಂದು ಎಣಿಸುವುದೂ ತಪ್ಪು. ಫ್ಲೈಷ್ನರ್ ಸೊಸೈಟಿಯು 2017ರಲ್ಲಿ ಪರಿಷ್ಕರಿಸಿದ ಸೂತ್ರಗಳ ಪ್ರಕಾರ, 35 ವರ್ಷ ದಾಟಿದ, ಕ್ಯಾನ್ಸರಿನ ಇತಿಹಾಸವಿಲ್ಲದ, ಅಪಾಯ ಕಡಿಮೆಯಿರುವ ವ್ಯಕ್ತಿಯಲ್ಲಿ 6 ಮಿಲಿಮೀಟರಿಗಿಂತ ಚಿಕ್ಕದಾದ ಒಂಟಿ ಘನ ಗಂಟಿಗೆ ವಾಡಿಕೆಯ ಮರುಪರೀಕ್ಷೆಯ ಅಗತ್ಯವಿಲ್ಲ. 6ರಿಂದ 8 ಮಿಲಿಮೀಟರಿನದನ್ನು 6ರಿಂದ 12 ತಿಂಗಳೊಳಗೆ ಮತ್ತೆ ನೋಡಬೇಕು. ಇದಕ್ಕೂ ದೊಡ್ಡದಾದರೆ ಮೂರು ತಿಂಗಳಲ್ಲಿ ಮರುಸ್ಕ್ಯಾನ್, ಪೆಟ್ ಇಲ್ಲವೆ ಸೂಜಿ ಪರೀಕ್ಷೆಯನ್ನು ಆಲೋಚಿಸಬೇಕು. ಹೀಗೆ ಕಾಯುವಿಕೆಯೂ ಒಂದು ಚಿಕಿತ್ಸಾಕ್ರಮವೇ ಆಗಿದೆ.

ಆದರೆ ಕಾಯುವುದು ಎಲ್ಲರಿಗೂ ಸಮಾನವಾಗಿ ಸುಲಭವಲ್ಲ. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರ್, ಕುಮಟಾದಿಂದ ಸುಮಾರು 150. 2022ರ ಜುಲೈಯಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಮೃತಪಟ್ಟಾಗ, ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಎಲ್ಲೆಡೆ ಎದ್ದಿತು. ದಿನಗೂಲಿಯ ಮೀನುಗಾರನಿಗೆ ಆರು ತಿಂಗಳ ನಂತರದ ಮರುಪರೀಕ್ಷೆಯೆಂದರೆ ಪ್ರಯಾಣ, ಸ್ಕ್ಯಾನಿನ ವೆಚ್ಚ, ಕಳೆದುಹೋದ ದುಡಿಮೆ. ‘ಇವನು ಮತ್ತೆ ಬರಲಾರ, ಈಗಲೇ ಗಂಟನ್ನು ತೆಗೆದುಬಿಡೋಣ’ ಎಂದು ಕರುಣೆಯುಳ್ಳ ವೈದ್ಯನಿಗೂ ತೋರಬಹುದು. ಇದು ದುರುದ್ದೇಶವಲ್ಲ. ಆದರೂ ರೋಗಿಯ ಬಡತನವನ್ನು ಗಂಟಿನ ಲಕ್ಷಣವೆಂದು ಎಣಿಸಿದಂತಾಯಿತು. ದೂರವು ನಿವಾರಿಸಬೇಕಾದ ತೊಡಕು. ಅದನ್ನು ಎದೆ ಸೀಳಲು ಕಾರಣವಾಗಿ ಒಪ್ಪಿಕೊಳ್ಳುವುದು ನ್ಯಾಯವಲ್ಲ.

ಎರಡನೆಯ ಪ್ರಶ್ನೆ ಮಾತಿನದು. ‘ಅವರಿಗೆ ಏನೂ ಹೇಳಬೇಡಿ ಡಾಕ್ಟ್ರೇ’ ಎಂದು ಮಗನು ಬಾಗಿಲ ಹೊರಗೆ ಕೈಮುಗಿಯುವುದು ನಮ್ಮ ಕಡೆ ಸಾಮಾನ್ಯ ದೃಶ್ಯ. ಮಾತು ಹಿತವೂ ಮಿತವೂ ಅಸಂದಿಗ್ಧವೂ ಆಗಿರಬೇಕೆಂದು ಭಾಷಾಸಮಿತಿಯ ವಿವರಣೆಯಲ್ಲಿ ಆಚಾರ್ಯರು ಹೇಳಿದ್ದಾರೆ. ವಿಷಯವೇ ಸಂದಿಗ್ಧವಾಗಿರುವಾಗ ಮಾತು ಅಸಂದಿಗ್ಧವಾಗುವುದೆಂತು? ಎಷ್ಟು ತಿಳಿದಿದೆ, ಎಷ್ಟು ತಿಳಿದಿಲ್ಲ ಎಂಬುದನ್ನೇ ಸ್ಪಷ್ಟವಾಗಿ ನುಡಿಯುವುದು ಅದಕ್ಕೆ ಉತ್ತರ. ‘ಏನೂ ಇಲ್ಲ’ ಎಂಬುದು ವಿಪರ್ಯಯವನ್ನು ಬಿತ್ತುತ್ತದೆ. ‘ಏನು ಬೇಕಾದರೂ ಇರಬಹುದು’ ಎಂಬುದು ಭಯವನ್ನು ಬಿತ್ತುತ್ತದೆ. ‘ಏಳು ಮಿಲಿಮೀಟರಿನ ಗಂಟಿದೆ, ಅಂಚು ನುಣುಪಾಗಿದೆ, ಇಂತಹವು ಬಹುತೇಕ ನಿರಪಾಯ, ಬೆಳೆಯುವುದೋ ಇಲ್ಲವೋ ಎಂಬುದು ಮಾತ್ರ ಇನ್ನೂ ತಿಳಿಯದು, ಆರು ತಿಂಗಳಿಗೆ ಮತ್ತೆ ನೋಡಬೇಕು’ ಎಂಬ ಮಾತಿನಲ್ಲಿ ಸಂಶಯವಿದೆ, ಸಂದಿಗ್ಧತೆಯಿಲ್ಲ. ಸ್ಯಾದ್ವಾದವನ್ನು ಜಾರಿಕೊಳ್ಳುವ ನುಡಿಯೆಂದು ಹಳಿಯುವವರಿದ್ದಾರೆ. ಯಾವ ಅಪೇಕ್ಷೆಯಿಂದ, ಯಾವ ಆಧಾರದಿಂದ ನುಡಿಯುತ್ತಿದ್ದೇನೆಂದು ತಿಳಿಸುವ ಹೊಣೆಯೇ ಅದರ ತಿರುಳೆಂಬುದು ಇಲ್ಲಿ ವ್ಯಕ್ತವಾಗುತ್ತದೆ.

ಸತ್ಯವನ್ನು ಕೇಳಿದ ರೋಗಿ ಆರು ತಿಂಗಳು ನಿದ್ದೆಗೆಡುವನಲ್ಲವೇ, ಅದು ಹಿಂಸೆಯಲ್ಲವೇ ಎಂಬ ಆಕ್ಷೇಪಕ್ಕೆ ಬಲವಿದೆ. ಎಲ್ಲರ ಧೈರ್ಯ ಒಂದೇ ಅಳತೆಯದಲ್ಲ. ಎಷ್ಟು ತಿಳಿಯಬಯಸುವರೆಂದು ರೋಗಿಯನ್ನೇ ಕೇಳಿ, ಮನೆಯವರ ಸಮಕ್ಷಮದಲ್ಲಿ, ಬಿಡುವಾಗಿ ಹೇಳುವುದು ಕರುಣೆಯ ಕ್ರಮ. ಆದರೆ ಮುಚ್ಚಿಡುವುದಕ್ಕೆ ಈ ವ್ಯಾಧಿಯಲ್ಲಿ ವಿಶೇಷವಾದ ಬಾಧಕವಿದೆ. ಗಂಟಿನ ಸ್ವರೂಪವನ್ನು ಕೊನೆಗೆ ತಿಳಿಸುವುದು ಅನೇಕ ವೇಳೆ ಕಾಲವೇ. ‘ಏನೂ ಇಲ್ಲ’ ಎಂದು ಕೇಳಿದವನು ಮರುಪರೀಕ್ಷೆಗೆ ಏಕೆ ಬರಬೇಕು? ಅವನು ಬಾರದಿದ್ದರೆ ಈಹಾ ಅಲ್ಲಿಗೇ ನಿಲ್ಲುತ್ತದೆ, ಅವಾಯ ಒದಗುವುದೇ ಇಲ್ಲ. ಬೇರೆ ಕಾಯಿಲೆಗಳಲ್ಲಿ ನಿರ್ಣಯವು ಮೊದಲು, ತಿಳಿಸುವುದು ಅನಂತರ. ಇಲ್ಲಿ ರೋಗಿಗೆ ತಿಳಿಸದೆ ನಿರ್ಣಯವೇ ಪೂರ್ಣವಾಗದು.

ಗೃಹಸ್ಥರಿಂದಲೂ ಆಗಬೇಕಾದ ಕಾರ್ಯ ಸ್ವಲ್ಪ ಇದೆ. ಮನೆಯ ಹಿರಿಯರ ಎಕ್ಸ್-ರೇ, ಸ್ಕ್ಯಾನ್ ಚಿತ್ರಗಳನ್ನು ರದ್ದಿಗೆ ಹಾಕದೆ, ದಿನಾಂಕ ಬರೆದು, ಜಮೀನಿನ ಪತ್ರಗಳಂತೆ ಕಾದಿಡಬೇಕು. ಅದೇ ಧಾರಣಾ. ಮರುಪರೀಕ್ಷೆಯ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತಿಸಬೇಕು. ಶಸ್ತ್ರಚಿಕಿತ್ಸೆಗೆ ಧನಸಹಾಯ ನೀಡಲು ಮುಂದಾಗುವ ಊರಿನ ದಾನಿಗಳು, ಬಡವನೊಬ್ಬನ ಎರಡನೆಯ ಸ್ಕ್ಯಾನಿಗೂ ಬಸ್ಸಿನ ವೆಚ್ಚಕ್ಕೂ ಕೊಡುವುದು ಅಷ್ಟೇ ಶ್ರೇಷ್ಠವಾದ ಔಷಧದಾನವೆಂದು ತಿಳಿಯಬೇಕು. ಎಷ್ಟೋ ವೇಳೆ ಅನಗತ್ಯವಾದ ಒಂದು ಶಸ್ತ್ರಚಿಕಿತ್ಸೆಯನ್ನು ಅಷ್ಟು ಸಣ್ಣ ಮೊತ್ತವೇ ತಪ್ಪಿಸಬಲ್ಲದು.